ಒಂದು ಎಲೆ ಜಾಸ್ತಿ

ಅರಸೀಕೆರೆಯಲ್ಲಿ ನನ್ನ ಔಷಧಿ ಅಂಗಡಿಗೂ ನಮ್ಮ ಡಾಕ್ಟ್ರಮ್ಮನವರ ಕ್ಲಿನಿಕ್ಕಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದೂ ತೆಳು ಗೋಡೆ. ಅವರು ಆ ಕಡೆ ರೋಗಿಯನ್ನು ಬೈದರೆ ಈ ಕಡೆ ನನ್ನ ಗಿರಾಕಿ ಬೆಚ್ಚಿಬೀಳುತ್ತಿದ್ದ. ಹೋದ ತಿಂಗಳು ಅವರು ಬೋರ್ಡು ಇಳಿಸಿ, ಬೀಗ ಹಾಕಿ, "ಸಾಕು ಶೆಟ್ರೇ, ಇನ್ನು ಹುಲಿಕೆರೆಯಲ್ಲಿ ತೆಂಗಿಗೆ ನೀರು ಹಾಯಿಸ್ಕೊಂಡು ಇರ್ತೀನಿ" ಎಂದು ಹೊರಟುಹೋದರು. ಅವತ್ತಿನಿಂದ ನನ್ನ ಅಂಗಡಿ ಸದ್ದಿಲ್ಲದೆ ನಡೆಯುತ್ತಿದೆ. ನನಗದು ಒಂಚೂರೂ ಹಿಡಿಸಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಾರನೇ ದಿನವೇ ಫೋನ್ ಬರುತ್ತದೆ, ಆಗ ಬೈಗುಳವನ್ನು ತಡೆಯಲು ಗೋಡೆ ಕೂಡ ಇರುವುದಿಲ್ಲ. ಊರಿಗೆಲ್ಲ ಅವರು ಡಾಕ್ಟ್ರಮ್ಮ. ಇಲ್ಲೂ ಹಾಗೇ ಇರಲಿ.

ಕುಳ್ಳಗೆ ದುಂಡಗೆ ಇದ್ದರು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಆಮೇಲೆ ಕನ್ನಡಕ ಎಲ್ಲಿ ಎಂದು ಮೇಜೆಲ್ಲ ತಡಕಾಡುತ್ತಿದ್ದರು. ಎದುರಿಗೆ ಕೂತ ರೋಗಿ ಹೇಳುವುದೋ ಬೇಡವೋ ಎಂದು ಒದ್ದಾಡುತ್ತಿದ್ದ. ಚೀಟಿ ಬರೆದರೆ ಮಗ್ಗಿ ಪುಸ್ತಕದಂತೆ ಗುಂಡಗಿನ ಅಕ್ಷರ. ಊರಿನ ಬೇರೆ ಡಾಕ್ಟರುಗಳ ಬರಹ ಓದಿ ಓದಿ ನಾನು ಸಂಪಾದಿಸಿದ್ದ ವಿದ್ಯೆ ಇವರ ಹತ್ತಿರ ದಂಡವಾಗಿತ್ತು. ಅದನ್ನು ಹೇಳಿದರೆ, "ಓದೋಕಾಗದ ಹಾಗೆ ಬರೆಯೋದಕ್ಕೆ ನಾನೇನು ಅಪರಾಧ ಮಾಡಿದೀನೇನ್ರೀ?" ಎನ್ನುತ್ತಿದ್ದರು. ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ಮಾಡಿದವರಿಗೆ ಪುರುಸೊತ್ತಾಗಲಿಲ್ಲ ಎಂಬ ಉತ್ತರ ಸಿಗುತ್ತಿತ್ತು. ನೋಡಿದರೆ ಅದು ನಿಜವೇ ಇರಬೇಕು ಅನ್ನಿಸುತ್ತಿತ್ತು.

ಬಹಳ ವರ್ಷ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿ, ಅಲ್ಲಿ ಬೇಸರವಾಗಿ ನಮ್ಮೂರಿಗೆ ಬಂದವರು. ಬರುವಾಗ ಒಂದು ಸೂಕ್ಷ್ಮದರ್ಶಕ ತಂದಿದ್ದರು. ಅದರ ಗಾಜು ಒರೆಸಲು ಅವರ ಅಜ್ಜಿಯ ರೇಷ್ಮೆ ಸೀರೆಯ ಒಂದು ತುಂಡು. ಬೇರೆ ಯಾರಾದರೂ ಆ ಗಾಜನ್ನು ಕೈಯಲ್ಲಿ ಮುಟ್ಟಿದರೆ ಕಥೆ ಮುಗಿಯಿತು. ಆದರೆ ಅದರೊಳಗೆ ಇಣುಕಲು ಮಾತ್ರ ಎಲ್ಲರಿಗೂ ಕರೆ. ರೋಗಿಗೆ ಅವನ ಹುಳವನ್ನು ತೋರಿಸದೆ ಔಷಧಿ ಬರೆಯುತ್ತಿರಲಿಲ್ಲ. "ನಿನ್ನ ಮನೇಲಿ ಇರೋರನ್ನ ನೀನೇ ನೋಡದಿದ್ರೆ ಹೆಂಗಪ್ಪಾ?" ಎನ್ನುತ್ತಿದ್ದರು. ಎಷ್ಟೋ ಜನ ಔಷಧಿಗಿಂತ ಮುಂಚೆ ಆ ಹುಳ ನೋಡಿದ್ದಕ್ಕೇ ಅರ್ಧ ವಾಸಿಯಾಗಿ, ಊರಿಗೆ ಹೋಗಿ ಅದರ ವರ್ಣನೆ ಮಾಡುತ್ತಿದ್ದರು.

ಅವರ ಮೊದಲ ಪ್ರಶ್ನೆಯೂ ವಿಚಿತ್ರ. ಬೇರೆಯವರು ಏನಾಗಿದೆ ಎಂದು ಕೇಳಿದರೆ ಇವರು "ಎಲ್ಲಿ ಮಲಗ್ತೀಯಾ?" ಎಂದು ಕೇಳುತ್ತಿದ್ದರು. ಹೊಸದಾಗಿ ಬಂದ ಗಂಡಸರು ಕೆಂಪಗಾಗಿ ಗೋಡೆ ನೋಡುತ್ತಿದ್ದರು. ಹೆಂಡತಿ ಪಕ್ಕದಲ್ಲಿದ್ದರಂತೂ ಇನ್ನೂ ತಮಾಷೆ. ಮನುಷ್ಯ ಹಗಲು ಎಚ್ಚರವಾಗಿರುತ್ತಾನೆ, ಕಾಯಿಲೆ ಹತ್ತುವುದು ಮೈಮರೆತಾಗ ಎಂಬುದು ಅವರ ಲೆಕ್ಕ.

ಇನ್ನು ಅವರ ಮನೆಯ ಎಲೆಯ ವಿಷಯ ಹೇಳಬೇಕು, ಯಾಕೆಂದರೆ ಅದಿಲ್ಲದೆ ಅವರಿಲ್ಲ. ಕ್ಲಿನಿಕ್ಕಿನ ಹಿಂದೆಯೇ ಮನೆ. ಭಾನುವಾರ ಊಟಕ್ಕೆ ಯಾರಾದರೂ ಇದ್ದೇ ಇರುತ್ತಿದ್ದರು. ಎಷ್ಟು ಜನ ಕೂತರೂ ಬಾಳೆಲೆ ಒಂದು ಜಾಸ್ತಿ. ಆ ಎಲೆಗೆ ನೀರು ಚಿಮುಕಿಸಿ, ತುದಿಗೆ ಒಂದು ಚಿಟಿಕೆ ಉಪ್ಪು ಹಾಕಿ ಬಿಟ್ಟುಬಿಡುವುದು. ಎಲ್ಲರ ಊಟ ಮುಗಿಯುವ ತನಕ ಅದನ್ನು ಯಾರೂ ತೆಗೆಯುವಂತಿಲ್ಲ, ಯಾರೂ ಬಾರದಿದ್ದರೆ ಆಮೇಲೆ ಹಸುವಿಗೆ. ಹುಲಿಕೆರೆಯಲ್ಲಿ ಅವರ ಅಜ್ಜಿ ಹಾಗೆ ಮಾಡುತ್ತಿದ್ದರಂತೆ. ಹಳೇಬೀಡಿನ ಕಡೆ ನಡೆದು ಹೋಗುವವರು ಹೊತ್ತಲ್ಲದ ಹೊತ್ತಿನಲ್ಲಿ ಆ ಊರ ಕೊಳದ ನೀರು ಕುಡಿದು ಮನೆ ಬಾಗಿಲಿಗೆ ಬರುತ್ತಿದ್ದರು. ಬಂದವರನ್ನು ಕಂಡಮೇಲೆ ಎಲೆ ಹುಡುಕಿದರೆ ಅವರಿಗೆ ತಾವು ಹೆಚ್ಚಾದೆವೇನೋ ಅನ್ನಿಸುತ್ತದೆ ಎಂದು ಅಜ್ಜಿ ಹೇಳುತ್ತಿದ್ದರಂತೆ.

ಈ ಎಲೆಯನ್ನು ಡಾಕ್ಟ್ರಮ್ಮ ಕ್ಲಿನಿಕ್ಕಿಗೂ ತಂದಿದ್ದರು. ಒಂದು ಕಾಯಿಲೆ ಸಿಕ್ಕಿತು ಎಂದು ಹುಡುಕುವುದು ನಿಲ್ಲಿಸಬೇಡಿ, ಇನ್ನೊಂದು ಎಲೆ ಹಾಕಿಡಿ ಎನ್ನುವುದು ಅವರ ಮಾತು. ಒಮ್ಮೆ ಬಾಣಾವರದ ಮೇಷ್ಟ್ರೊಬ್ಬರು ಡೆಂಗ್ಯೂ ಎಂದು ಬರೆದಿದ್ದ ರಿಪೋರ್ಟು ಹಿಡಿದು, ರೋಗದ ಹೆಸರೂ ಗೊತ್ತಾಗಿದೆ ಇನ್ನೇನು ಎನ್ನುವ ಗತ್ತಿನಲ್ಲಿ ಬಂದರು. ಇವರು ಒಂದು ಎಲೆ ಹಾಕಿ ನೋಡೋಣ ಎಂದು ರಕ್ತ ತೆಗೆದರು, ಟೈಫಾಯಿಡೂ ಸಿಕ್ಕಿತು. "ಮೇಷ್ಟ್ರೇ, ಒಬ್ಬ ನೆಂಟ ಅಂತ ಬಂದ್ರಿ, ಅವನ ಬೆನ್ನಿಗೆ ಅವನ ಷಡ್ಡಕನೂ ಇದ್ದಾನೆ" ಎಂದು ನಕ್ಕಿದ್ದು ಗೋಡೆ ದಾಟಿ ನನಗೂ ಕೇಳಿಸಿತ್ತು.

ಇಂಥ ಡಾಕ್ಟ್ರಮ್ಮ ಒಂದೇ ಒಂದು ಸಲ ಎಲೆ ಹಾಕುವುದನ್ನು ಮರೆತರು. ಆ ಸಂಗತಿ ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಾರೆ, ಹಾಗಾಗಿ ನಾನು ಬರೆದರೆ ತಪ್ಪಿಲ್ಲ.

ಹಾರನಹಳ್ಳಿಯ ರುದ್ರೇಶ ಲಾರಿ ಡ್ರೈವರ್. ನಮ್ಮ ಮಂಡಿಯಿಂದ ಉಂಡೆ ಕೊಬ್ಬರಿ ತುಂಬಿಕೊಂಡು ಉತ್ತರದ ಕಡೆ ಹೋಗುವವನು. ಅವನ ಬಲಗೈಯ ಮಣಿಕಟ್ಟಿನ ಮೇಲೆ ಒಂದು ಹುಣ್ಣು ಎದ್ದಿತ್ತು. ನೋವಿಲ್ಲ, ತುರಿಕೆಯಿಲ್ಲ, ವಾಸಿಯೂ ಆಗುವುದಿಲ್ಲ. ನನ್ನ ಅಂಗಡಿಯ ಮುಲಾಮುಗಳೆಲ್ಲ ಅದರ ಮೇಲೆ ಮೆರವಣಿಗೆ ಹೋಗಿದ್ದವು. ಕೊನೆಗೆ ನಾನೇ ಪಕ್ಕದ ಬಾಗಿಲು ತೋರಿಸಿದೆ.

ಎಲ್ಲಿ ಮಲಗ್ತೀಯಾ ಎಂದಿದ್ದಕ್ಕೆ ಅವನು ಬಿಕಾನೇರದ ಹತ್ತಿರದ ಒಂದು ಢಾಬಾದ ಹೆಸರು ಹೇಳಿದ. ಸರಕು ಇಳಿಸಲು ಸರದಿ ಬರುವ ತನಕ ಅಲ್ಲಿ ಹಗ್ಗದ ಮಂಚದ ಮೇಲೆ, ಬಯಲಲ್ಲಿ, ಅಂಗಿ ಬಿಚ್ಚಿ ಮಲಗುತ್ತಿದ್ದನಂತೆ. ಡಾಕ್ಟ್ರಮ್ಮ ಮುಂದೆ ಇನ್ನೇನೂ ಕೇಳಲಿಲ್ಲ. ಹುಣ್ಣಿನ ಅಂಚನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಲು ಕೂತರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಒಂದು ಕೂಗು ಕೇಳಿಸಿತು. ಹಾವು ಬಂತೇನೋ ಎಂದು ನಾನು ಕೋಲು ಹಿಡಿದು ಓಡಿದೆ.

ಹಾವಲ್ಲ, ಖುಷಿ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕಣ್ಣು ಇಡಿಸಿದರು. ನೇರಳೆ ಬಣ್ಣದ ಚುಕ್ಕಿಗಳು ಬಿಟ್ಟು ನನಗೆ ಏನೂ ಕಾಣಲಿಲ್ಲ, ಆದರೂ ಕಂಡಿತು ಎಂದೆ. ಆಮೇಲೆ ಆಟೋದವನು ನೋಡಿದ, ಬೀಟಿಗೆ ಬಂದ ಪೊಲೀಸಿನವರು ನೋಡಿದರು, ಬಾಗಿಲ ಹತ್ತಿರ ಹೂವು ಮಾರುವ ಹೆಂಗಸು ನೋಡಿ "ಎಳ್ಳು ಚೆಲ್ಲಿದಂಗೈತೆ ಕಣಮ್ಮ" ಎಂದಳು. ಡಾಕ್ಟ್ರಮ್ಮ ಅವಳ ಬೆನ್ನು ತಟ್ಟಿದರು.

ಲೀಷ್ಮೇನಿಯಾ ಎಂದು ಆ ಎಳ್ಳುಕಾಳಿನ ಹೆಸರು. ಸೊಳ್ಳೆಗಿಂತ ಚಿಕ್ಕದಾದ ಮರಳುನೊಣ ಕಚ್ಚಿ ಅದನ್ನು ಮೈಗೆ ಬಿಡುತ್ತದಂತೆ. ಅದರಲ್ಲೂ ಜಾತಿಗಳಿವೆ. ಒಂದು ಜಾತಿಯದು ಚರ್ಮದಲ್ಲೇ ಬಿಡಾರ ಹೂಡಿ ಹುಣ್ಣು ಮಾಡುತ್ತದೆ, ಅಷ್ಟೇ. ಇನ್ನೊಂದು ಜಾತಿಯದು ಒಳಗಿಳಿದು ಎಡಪಕ್ಕೆಯ ಗುಲ್ಮ, ಯಕೃತ್ತು, ಮೂಳೆಯ ಮಜ್ಜೆಯಲ್ಲಿ ಸೇರಿಕೊಳ್ಳುತ್ತದೆ. ಅದೇ ಕಾಲಾ ಅಜಾರ್, ಗಮನಿಸದಿದ್ದರೆ ಜೀವ ತೆಗೆಯುತ್ತದೆ. ರುದ್ರೇಶನದು ಚರ್ಮದ್ದು, ಹೆದರಬೇಕಾಗಿಲ್ಲ ಎಂದರು. ಇದು ನಮ್ಮ ಸೀಮೆಯಲ್ಲಿ ಕಾಣುವ ಕಾಯಿಲೆಯಲ್ಲ. ಕಾಲೇಜಿನಲ್ಲಿ ಡಾಕ್ಟ್ರಮ್ಮ, ಬೇರೆಯವರು ಹಿಡಿದುಕೊಟ್ಟದ್ದನ್ನು ಮಕ್ಕಳಿಗೆ ತೋರಿಸಿದ್ದರೇ ಹೊರತು ತಾವಾಗಿ ಒಂದನ್ನೂ ಹಿಡಿದಿರಲಿಲ್ಲ. ಆ ಸಂಜೆ ಬೀದಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದರು. ಪಾಪ, ರುದ್ರೇಶ ತನ್ನ ಹುಣ್ಣಿಗೆ ಇಷ್ಟು ಸಂಭ್ರಮವೇ ಎಂದು ಎರಡು ಮಿಠಾಯಿ ಕೈಯಲ್ಲಿ ಹಿಡಿದು ನಿಂತಿದ್ದ, ತಿನ್ನಲಿಲ್ಲ. ಅವತ್ತು ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹುಣ್ಣಿನ ಸುತ್ತ ಚುಚ್ಚುಮದ್ದು ಶುರುವಾಯಿತು. ಪ್ರತಿ ಸಲವೂ ಜೊತೆಗೆ ಅವನ ಹೆಂಡತಿ ಭಾಗ್ಯಮ್ಮ ಬರುತ್ತಿದ್ದಳು. ಬೆಂಚಿನ ಮೇಲೆ ಕೂತು ಡಾಕ್ಟ್ರಮ್ಮನ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು, ನಗುತ್ತಿದ್ದಳು. ಹುಣ್ಣು ಒಣಗಿ ಕಲೆ ಮಾತ್ರ ಉಳಿದಾಗ, ಮನೆಗೆ ಊಟಕ್ಕೆ ಬರಲೇಬೇಕು ಎಂದು ಹಟ ಹಿಡಿದಳು. ಪಕ್ಕದ ಅಂಗಡಿಯವನಾದ ನನಗೂ ಕರೆ ಬಂತು. ಮುಲಾಮುಗಳ ಋಣ.

ಹಾರನಹಳ್ಳಿ ದೂರವೇನಲ್ಲ. ಆದರೆ ಡಾಕ್ಟ್ರಮ್ಮನ ಹಳೇ ಮಾರುತಿಯಲ್ಲಿ ಅದು ಕಾಶಿಯಾತ್ರೆ. ಹಳೆಯ ರೋಗಿಗಳು ಕಾರು ಕಂಡ ಕಡೆ ಕೈಯಡ್ಡ ಹಾಕಿ, ಕಿಟಕಿಯೊಳಗೆ ತಲೆ ತೂರಿಸಿ ನಾಲಿಗೆ ತೋರಿಸುತ್ತಿದ್ದರು. ಇವರು ಗೇರು ಬಿಡದೆ ನೋಡಿ ಔಷಧಿ ಹೇಳುತ್ತಿದ್ದರು. ಕಾರು ನಿಂತುಹೋಗುತ್ತಿತ್ತು, ನಾನು ಇಳಿದು ತಳ್ಳುತ್ತಿದ್ದೆ.

ಪಡಸಾಲೆಯಲ್ಲಿ ಎಲೆ ಹಾಕಿದ್ದರು. ಮುದ್ದೆ, ಹಿತಕಿದ ಅವರೆಯ ಸಾರು, ಕಾಯಿ ಒಬ್ಬಟ್ಟು. ಕೂತವರು ಮೂರು ಜನ, ಎಲೆ ನಾಲ್ಕು. ಇನ್ನು ಯಾರು ಬರಬೇಕು ಎಂದು ನಾನು ಕೇಳಿದೆ. ಭಾಗ್ಯಮ್ಮ ಡಾಕ್ಟ್ರಮ್ಮನ ಕಡೆ ನೋಡಿ, "ಅವ್ರೇ ಅಂತಿದ್ರಲ್ಲ, ಇನ್ನೊಂದು ಎಲೆ ಹಾಕಿಡ್ಬೇಕು ಅಂತ" ಎಂದು ನಕ್ಕಳು. ಡಾಕ್ಟ್ರಮ್ಮನಿಗೆ ಬಹಳ ಸಂತೋಷವಾಯಿತು. ಅಜ್ಜಿಯ ಕಥೆ ಶುರುಮಾಡಿದರು.

ಕಥೆಯ ನಡುವೆ ಭಾಗ್ಯಮ್ಮ ಗಂಡನಿಗೆ ಇನ್ನೊಂದು ಮುದ್ದೆ ಹಾಕಲು ಹೋದಳು. ಅವನು ಎಲೆಗೆ ಕೈ ಅಡ್ಡ ಹಿಡಿದ. ಮೊದಲ ಮುದ್ದೆಯೇ ಹಾಗೇ ಇತ್ತು. "ಇವ್ರದ್ದು ಇದೇ ಆಯ್ತು ಕಣಮ್ಮ. ನಾಕು ತುತ್ತಿಗೆ ಹೊಟ್ಟೆ ತುಂಬ್ತು ಅಂತಾರೆ" ಎಂದಳು.

ಡಾಕ್ಟ್ರಮ್ಮನ ಕೈ ಬಾಯಿಯ ಹತ್ತಿರ ನಿಂತಿತು. ರುದ್ರೇಶನ ಎಲೆ ನೋಡಿದರು. ಪಕ್ಕದ ಖಾಲಿ ಎಲೆ ನೋಡಿದರು. ತುತ್ತನ್ನು ಎಲೆಯಲ್ಲೇ ಇಟ್ಟು ಎದ್ದು ಕೈ ತೊಳೆದರು. ಊಟದ ಮಧ್ಯೆ ಅವರು ಎದ್ದದ್ದನ್ನು ನಾನು ಅವತ್ತಿನ ತನಕ ಕಂಡಿರಲಿಲ್ಲ. ಅವನನ್ನು ಅಲ್ಲೇ ಚಾಪೆಯ ಮೇಲೆ ಮಲಗಿಸಿ, ಎಡ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಒತ್ತುತ್ತಾ ಹೊಕ್ಕುಳಿನ ಹತ್ತಿರದ ತನಕ ಬಂದರು. ಗುಲ್ಮ ಅಲ್ಲಿಯ ತನಕ ಊದಿಕೊಂಡು ಹೊಟ್ಟೆಯನ್ನು ಒತ್ತುತ್ತಿತ್ತು, ಅದಕ್ಕೇ ನಾಲ್ಕು ತುತ್ತಿಗೆ ಸಾಕಾಗುತ್ತಿತ್ತು. ಜ್ವರ ಬರುತ್ತಿದೆಯಾ ಎಂದರು. ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಒಪ್ಪಿಕೊಂಡ. ಸಂಜೆ ಹೊತ್ತು ಬರುತ್ತಿತ್ತು, ಹೇಳಿದರೆ ಮಾಲೀಕರು ಲಾರಿ ಬೇರೆಯವರಿಗೆ ಕೊಡುತ್ತಾರೆ ಎಂದು ಮಾತ್ರೆ ನುಂಗಿ ಮುಚ್ಚಿಟ್ಟಿದ್ದ.

"ಬಿಕಾನೇರ ಬಿಟ್ಟು ಇನ್ನೆಲ್ಲಿ ಮಲಗಿದ್ದೆಯೋ?"

"ಬಿಹಾರದಾಗೆ ಕಣಮ್ಮ. ಹೋದ್ ಮಳೆಗಾಲದಾಗೆ ಲಾರಿ ಕೆಟ್ಟು ಒಂದ್ ಹಳ್ಳೀಲಿ ನಿಂತಿದ್ದೆ. ದನದ ಕೊಟ್ಗೆ ಪಕ್ಕ ಜಾಗ ಕೊಟ್ಟಿದ್ರು."

"ಅದನ್ನ ಅವತ್ತೇ ಯಾಕೋ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲಮ್ಮ" ಎಂದ ರುದ್ರೇಶ.

ಭಾಗ್ಯಮ್ಮ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಅವಳ ಸಂಬಂಧಿಕರೊಬ್ಬರು ಹೊಟ್ಟೆ ಊದಿ, ರಕ್ತದ ಕ್ಯಾನ್ಸರ್ ಎಂದು ತೀರಿಕೊಂಡಿದ್ದರಂತೆ. ಅವಳು ಅಳಲೂ ಇಲ್ಲ, ಕೂಗಲೂ ಇಲ್ಲ. "ಇವ್ರು ಉಳೀತಾರಾ?" ಎಂದಷ್ಟೇ ಕೇಳಿದಳು. ಎಂಥ ಪ್ರಶ್ನೆಗೂ ಒಂದು ತಮಾಷೆ ಇಟ್ಟುಕೊಂಡಿರುತ್ತಿದ್ದ ಡಾಕ್ಟ್ರಮ್ಮ ಅವತ್ತು ತಮಾಷೆ ಮಾಡಲಿಲ್ಲ. "ನಾನು ಅಂದ್ಕೊಂಡಿರೋದೇ ಆಗಿದ್ರೆ ಉಳೀತಾನೆ. ಔಷಧಿ ಇದೆ. ತಡ ಮಾಡೋ ಹಾಗಿಲ್ಲ" ಎಂದರು.

ವಾಪಸು ಬರುವಾಗ ಯಾರು ಕೈಯಡ್ಡ ಹಾಕಿದರೂ ಕಾರು ನಿಲ್ಲಿಸಲಿಲ್ಲ. ಹಿಂದಿನ ಸೀಟಿನಲ್ಲಿ ರುದ್ರೇಶ, ಭಾಗ್ಯಮ್ಮ. ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ಒಂದು ಪಟ್ಟಿಯ ಮೇಲೆ ರಕ್ತ ಹಾಕಿದರು. ಕಾಲಾ ಅಜಾರ್ ಇರಬಹುದೆಂದು ತೋರಿಸುವ ಗೆರೆ ಮೂಡಿತು. ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಕಳಿಸುವ ಏರ್ಪಾಡಾದ ಮೇಲೆ ಡಾಕ್ಟ್ರಮ್ಮ ನನ್ನ ಅಂಗಡಿಗೆ ಬಂದು ಕೂತರು. ಕಾಫಿ ತರಿಸಿದೆ, ಮುಟ್ಟಲಿಲ್ಲ. "ಎಲೆ ಹಾಕಿ ಅಂತ ಊರಿಗೆಲ್ಲ ಹೇಳೋಳು ನಾನು ಶೆಟ್ರೇ. ಮಿಠಾಯಿ ಹಂಚೋ ಗಡಿಬಿಡೀಲಿ ನಾನೇ ಹಾಕ್ಲಿಲ್ಲ" ಎಂದರು. ಅವರ ಕಣ್ಣಲ್ಲಿ ನೀರು ಕಂಡು, ಗಿರಾಕಿಗಳಿಗೆ ಕಾಣದಿರಲಿ ಎಂದು ಅಂಗಡಿಯ ಬಾಗಿಲು ಅರ್ಧ ಎಳೆದೆ.

ಬೆಂಗಳೂರಿನ ಡಾಕ್ಟರು ಇವರ ಹಳೆಯ ಶಿಷ್ಯ. ರುದ್ರೇಶನ ಮಜ್ಜೆ ತೆಗೆದು ನೋಡಿ, ಅಲ್ಲೂ ಅದೇ ಎಳ್ಳುಕಾಳು ಇದೆ, ಕೈಯಲ್ಲಿದ್ದದ್ದೇ ಒಳಗಿಳಿದಿದೆ, ಚಿಕಿತ್ಸೆ ಶುರುಮಾಡಿದ್ದೇವೆ ಎಂದು ಫೋನ್ ಮಾಡಿದರು. ಡಾಕ್ಟ್ರಮ್ಮ ಒಪ್ಪಲಿಲ್ಲ. ಎರಡೂ ಜಾತಿಯವು ಗಾಜಿನ ಕೆಳಗೆ ಒಂದೇ ಥರ ಕಾಣುತ್ತವೆ, ನೋಡಿ ಹೇಳಲು ಬರುವುದಿಲ್ಲ, ನನ್ನ ಹತ್ತಿರ ಎತ್ತಿಟ್ಟಿರುವ ಹುಣ್ಣಿನ ಗಾಜನ್ನೂ ಕಳಿಸುತ್ತೇನೆ, ಎರಡರದೂ ಡಿಎನ್‌ಎ ಪರೀಕ್ಷೆ ಮಾಡಿಸು ಎಂದರು. ಚಿಕಿತ್ಸೆ ನಡೀತಿದೆಯಲ್ಲ ಮೇಡಂ, ಇನ್ನು ಯಾಕೆ ಎಂದು ಶಿಷ್ಯರು ಕೇಳಿದರು. ಫೋನು ಸ್ಪೀಕರಿನಲ್ಲಿತ್ತು, ಹಾಗಾಗಿ ಆ ಮಾತು ನನಗೆ ಬಾಯಿಪಾಠವಾಗಿದೆ.

"ನಮ್ಮ ಹಳೇಬೀಡಿಗೆ ಬಂದಿದೀಯಲ್ಲಪ್ಪಾ. ಒಂದೇ ಗುಡಿ, ಗರ್ಭಗುಡಿ ಎರಡು. ಎರಡರಲ್ಲೂ ಲಿಂಗವೇ. ಒಂದಕ್ಕೆ ಕೈಮುಗಿದು ಎರಡೂ ನೋಡ್ದೆ ಅಂತ ಬಸ್ ಹತ್ತಿಬಿಡ್ತೀಯಾ?" ಆಮೇಲೆ ದನಿ ತಗ್ಗಿಸಿ, "ನೀನು ಹೇಳೋ ಹಾಗೆ ಒಂದೇ ಆದ್ರೆ, ಅವನು ಹಿಡಿಸಿಕೊಂಡಿದ್ದು ಒಂದೇ ಊರಲ್ಲಿ. ಎರಡಾದ್ರೆ ಎರಡು ಊರು. ಆ ಇನ್ನೊಂದು ಊರಲ್ಲಿ ಇವತ್ತೂ ನಮ್ಮ ಮಂಡಿ ಹುಡುಗರು ಅಂಗಿ ಬಿಚ್ಚಿ ಮಲಗಿರ್ತಾರೆ" ಎಂದರು. ಕಳಿಸಿ ಮೇಡಂ ಎಂದರು ಶಿಷ್ಯರು.

ಫಲಿತಾಂಶ ಬರುವ ಹೊತ್ತಿಗೆ ರುದ್ರೇಶನ ಜ್ವರ ಇಳಿದಿತ್ತು. ಹುಣ್ಣಿನದು ಒಂದು ಜಾತಿ, ಮಜ್ಜೆಯದು ಇನ್ನೊಂದು ಜಾತಿ. ಒಂದೇ ಮೈಯಲ್ಲಿ ಎರಡೂ ಒಟ್ಟಿಗೆ ಬಿಡಾರ ಮಾಡಿದ್ದವು. ಅಪರೂಪದ ಸಂಗತಿಯಂತೆ, ಶಿಷ್ಯರು ಕುಣಿದಾಡುತ್ತಿದ್ದರು. ನಾನು ಈ ಸಲ ಎರಡು ಪಾಲು ಮಿಠಾಯಿ ಬರುತ್ತದೆ ಎಂದು ಕಾದಿದ್ದೆ. ಬರಲಿಲ್ಲ. ಕೇಳಿದ್ದಕ್ಕೆ, ಅವನು ಲಾರಿ ಹತ್ತಲಿ ಆಮೇಲೆ ನೋಡೋಣ ಎಂದರು.

ಮಿಠಾಯಿಯ ಬದಲು ಮಂಡಿಗೆ ಹೋದರು. ಕೊಬ್ಬರಿ ಚೀಲಗಳ ಮೇಲೆ ಹತ್ತಿ ನಿಂತು, ಲಾರಿ ಡ್ರೈವರುಗಳನ್ನೆಲ್ಲ ಸೇರಿಸಿ ತಮ್ಮ ಆ ಪ್ರಶ್ನೆಯನ್ನೇ ಎಲ್ಲರಿಗೂ ಒಟ್ಟಿಗೆ ಕೇಳಿದರು. "ಎಲ್ಲಿ ಮಲಗ್ತೀರ್ರೋ?" ಇಡೀ ಮಂಡಿ ನಕ್ಕಿತು. ನಕ್ಕವರನ್ನೆಲ್ಲ ನಿಲ್ಲಿಸಿ ಕೈಕಾಲು ನೋಡಿದರು, ಪಕ್ಕೆ ಒತ್ತಿದರು. ಮರಳುನೊಣಕ್ಕೆ ಎತ್ತರಕ್ಕೆ ಹಾರುವ ತಾಕತ್ತಿಲ್ಲ, ಆದ್ದರಿಂದ ನೆಲದ ಹತ್ತಿರ, ಕೊಟ್ಟಿಗೆ ಪಕ್ಕ ಮಲಗಬೇಡಿ, ಲಾರಿಯ ಮೇಲೆ ಸಣ್ಣ ಕಣ್ಣಿನ ಸೊಳ್ಳೆಪರದೆ ಕಟ್ಟಿ ಮಲಗಿ ಎಂದರು. ವಾಸಿಯಾಗದ ಹುಣ್ಣಿದ್ದ ಒಂದಿಬ್ಬರು ಅವತ್ತೇ ಸಿಕ್ಕಿದರು. ಈಗ ನಮ್ಮ ಮಂಡಿಯಿಂದ ಹೊರಡುವ ಲಾರಿಗಳ ತಲೆಯ ಮೇಲೆ ಪರದೆಯ ಗಂಟು ಇರುತ್ತದೆ. ಡ್ರೈವರುಗಳು ಅದನ್ನು ಡಾಕ್ಟ್ರಮ್ಮನ ಗಂಟು ಎನ್ನುತ್ತಾರೆ.

ರುದ್ರೇಶ ಬೇಸಿಗೆಯ ಹೊತ್ತಿಗೆ ಲಾರಿ ಹತ್ತಿದ. ಆ ಸಂಜೆ ಮಿಠಾಯಿ ಬಂತು. ನನಗೆ ಎರಡು ಪಾಲೇ ಕೊಟ್ಟರು.

ಹೋದ ತಿಂಗಳು, ಕ್ಲಿನಿಕ್ಕಿಗೆ ಬೀಗ ಹಾಕುವ ಹಿಂದಿನ ದಿನ, ಭಾಗ್ಯಮ್ಮ ನಮ್ಮನ್ನು ಮತ್ತೆ ಊಟಕ್ಕೆ ಕರೆದಳು. ಅದೇ ಪಡಸಾಲೆ, ಅದೇ ಅವರೆಕಾಳು, ಕೂತವರೂ ನಾವೇ ಮೂವರು. ನಾಲ್ಕನೇ ಎಲೆ ನೀರು ಚಿಮುಕಿಸಿಕೊಂಡು, ಉಪ್ಪು ಇಟ್ಟುಕೊಂಡು ರುದ್ರೇಶನ ಪಕ್ಕದಲ್ಲಿತ್ತು. ಡಾಕ್ಟ್ರಮ್ಮ ತಮ್ಮ ಊಟ ಮರೆತು ಅವನ ಊಟವನ್ನೇ ನೋಡುತ್ತಿದ್ದರು. ಅವನು ಮೊದಲನೇ ಮುದ್ದೆ ಮುಗಿಸಿದ, ಎರಡನೆಯದು ಹಾಕಿಸಿಕೊಂಡ, ಅದೂ ಮುಗಿಯಿತು. ಎಲೆಯ ತುಂಬ ಸಾರು, ಮುರಿದ ಹಪ್ಪಳ, ಒಬ್ಬಟ್ಟಿಗೆ ಜಾಗವೇ ಇರಲಿಲ್ಲ. ಭಾಗ್ಯಮ್ಮ ತಟ್ಟೆ ಹಿಡಿದು, ಎಲ್ಲಿ ಹಾಕಲಿ ಎಂದು ನಿಂತಳು. ಅವನು ಪಕ್ಕದ ಎಲೆಯ ಕಡೆ ಆಸೆಯಿಂದ ನೋಡಿ, ಡಾಕ್ಟ್ರಮ್ಮನ ಮುಖ ನೋಡಿ, ತನ್ನ ಎಲೆಯ ಸಾರನ್ನೇ ಬದಿಗೆ ಸರಿಸತೊಡಗಿದ.

ಎಲ್ಲರೂ ಏಳುವ ತನಕ ಆ ಎಲೆ ಮುಟ್ಟಲು ಯಾರಿಗೂ ಬಿಡದ ಡಾಕ್ಟ್ರಮ್ಮ, ಕೂತಲ್ಲಿಂದಲೇ ಬಾಗಿ ಎಡಗೈಯಲ್ಲಿ ಅದನ್ನು ಅವನ ಮುಂದೆ ಎಳೆದರು.

"ಉಣ್ಣೋ" ಎಂದರು. "ಆ ಎಲೆಗೆ ಬರಬೇಕಾಗಿದ್ದೋನು ನೀನೇ."

ಭಾಗ್ಯಮ್ಮ ಅದರ ಮೇಲೆ ಎರಡು ಒಬ್ಬಟ್ಟು ಹಾಕಿ, ತುಪ್ಪ ಬಿಟ್ಟಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ತಿರುಗಿ ಬರುವಾಗ ಅವಳ ಕೈಯಲ್ಲಿ ಇನ್ನೊಂದು ಬಾಳೆಲೆ ಇತ್ತು. ಖಾಲಿಯಾಗಿದ್ದ ಜಾಗದಲ್ಲಿ ಅದನ್ನು ಹಾಸಿ, ನೀರು ಚಿಮುಕಿಸಿ, ತುದಿಗೆ ಚಿಟಿಕೆ ಉಪ್ಪು ಹಾಕಿದಳು.